ಏಳು ಸುಟ್ಟ ಬಲ್ಬು, ಒಂದು ಮಳೆ ಡೈರಿ: ಹಳೇ ಬೈಕಿನ ಹೆಡ್‌ಲೈಟ್ ಪ್ರಕರಣ

ತೀರ್ಥಹಳ್ಳಿ ಕಡೆ ಗಾಡಿಗಳ ವೈರಿಂಗ್ ಕೆಲಸ ಮಾಡಿಕೊಂಡಿರುವವನು ನಾನು. ಈ ಹಳೇ ಬೈಕಿನ ಹೆಡ್‌ಲೈಟ್ ದೋಷ ತೆಗೆಯಲು ಕೊನೆಗೆ ಹಿಡಿದಿದ್ದು ಮುಕ್ಕಾಲು ಗಂಟೆ, ಸಾಮಾನಿಗೆ ಹೋಗಿದ್ದು ಹೆಚ್ಚೆಂದರೆ 40 ರೂಪಾಯಿ. ಆದರೆ ದೋಷ ಎಲ್ಲಿದೆ ಅಂತ ಗೊತ್ತಾಗಲು ಜೂನ್‌ನಿಂದ ಅಕ್ಟೋಬರ್ ತನಕ ಬೇಕಾಯಿತು. ಅದರಲ್ಲಿ ಅರ್ಧ ತಡ ನನ್ನಿಂದಲೇ ಆಗಿದ್ದು. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 1998ರ ಮಾಡೆಲ್. 100 ಸಿಸಿ, ಫೋರ್ ಸ್ಟ್ರೋಕ್, ಕಿಕ್ ಸ್ಟಾರ್ಟ್. ಕಂಪನಿ ಹೆಸರು ಬೇಡ, ಆ ಕಾಲದ ಇಂಥ ಗಾಡಿಗಳ ಲೈಟಿಂಗ್ ಹೆಚ್ಚುಕಮ್ಮಿ ಒಂದೇ ತರ ಇರುತ್ತದೆ. ಮಾಲೀಕರ ಹೆಸರೂ ಬೇಡ, ಮೇಷ್ಟ್ರು ಅನ್ನೋಣ. ನಮ್ಮ ಪೇಟೆಯಲ್ಲಿ ಮೇಷ್ಟ್ರೇ ಅಂತ ಕೂಗಿದರೆ ನಲವತ್ತು ಜನ ತಿರುಗಿ ನೋಡುತ್ತಾರೆ, ಗುರುತು ಸಿಗುವ ಭಯ ಇಲ್ಲ. ರಿಟೈರ್ ಆಗಿದ್ದಾರೆ. ಆಗುಂಬೆ ರಸ್ತೆಯಿಂದ ಸ್ವಲ್ಪ ಒಳಗೆ ಮನೆ, ಸಣ್ಣ ಅಡಿಕೆ ತೋಟ, ಮೂರು ಹಸು. ಬೆಳಗಿನ ಜಾವ ಐದೂವರೆಗೆ ಹಾಲಿನ ಕ್ಯಾನ್ ಕೊಕ್ಕೆಗೆ ಸಿಕ್ಕಿಸಿಕೊಂಡು ಡೈರಿಗೆ ಹೊರಟರೆ, ಮಳೆಗಾಲದಲ್ಲಿ ವಾಪಸ್ ಬರುವಾಗಲೂ ಹೆಡ್‌ಲೈಟ್ ಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಆ ಮೋಡ ಇವರ ಅಂಗಳದ ತನಕ ಬರುತ್ತದೆ, ಏಳು ಗಂಟೆಗೂ ರಸ್ತೆ ಕಾಣುವುದಿಲ್ಲ.

ತೊಂದರೆ ಇಷ್ಟೇ: ಹೆಡ್‌ಲೈಟ್ ಬಲ್ಬ್ ನಿಲ್ಲುತ್ತಿರಲಿಲ್ಲ. ಹಾಕಿದ್ದು ಹತ್ತು ದಿನ, ಹದಿನೈದು ದಿನ, ಆಮೇಲೆ ಪಟ್ ಅಂತ ಹೋಗುತ್ತಿತ್ತು. ಒಂದೊಂದು ಸಲ ಅದರ ಹಿಂದೆಯೇ ಟೈಲ್ ಬಲ್ಬೂ ಹೋಗುತ್ತಿತ್ತು.

ನನ್ನ ಹತ್ತಿರ ಬರುವ ಮುಂಚೆ ಮೇಷ್ಟ್ರು ಮೂರು ಬಲ್ಬ್ ತಾವೇ ಬದಲಾಯಿಸಿದ್ದರು. ಮೂರನೆಯದೂ ಹೋದಾಗ ಅವರ ತಂಗಿ ಮಗ ಆನ್‌ಲೈನಲ್ಲಿ ಒಂದು ಎಲ್‌ಇಡಿ ತರಿಸಿ ಹಾಕಿದ. ಅದು ಸ್ಲೋ ಸ್ಪೀಡಿನಲ್ಲಿ ಪಕಪಕ ಅಂತಿತ್ತು, ರೇಸ್ ಮಾಡಿದರೆ ಸರಿಯಾಗಿ ಉರಿಯುತ್ತಿತ್ತು, ಮೂರನೇ ದಿನ ಸತ್ತೇ ಹೋಯಿತು. ಆಗ ಗಾಡಿ ನನ್ನ ಅಂಗಡಿಗೆ ಬಂತು.

"ಎಂತ ಮಾರಾಯ ಇದು, ಹಾಲಿನ ದುಡ್ಡೆಲ್ಲ ಬಲ್ಬಿಗೇ ಹೋಯ್ತಲ್ಲ" ಅಂದರು ಮೇಷ್ಟ್ರು.

ಮುಂದಿನದು ಅರ್ಥವಾಗಬೇಕಾದರೆ ಈ ಗಾಡಿಗಳ ಲೈಟಿಂಗ್ ಹೇಗಿರುತ್ತದೆ ಅಂತ ಸ್ವಲ್ಪ ಹೇಳಬೇಕು. ಇವುಗಳಲ್ಲಿ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವುದಿಲ್ಲ. ಹಾರನ್, ಇಂಡಿಕೇಟರ್, ಬ್ರೇಕ್ ಲೈಟ್ ಮಾತ್ರ ಬ್ಯಾಟರಿಯದ್ದು. ಹೆಡ್‌ಲೈಟ್, ಟೈಲ್ ಲೈಟ್, ಮೀಟರಿನ ಬಲ್ಬ್ ಮೂರೂ ಮ್ಯಾಗ್ನೆಟ್ (ಇಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಭಾಗ) ಒಳಗಿರುವ ಲೈಟಿಂಗ್ ಕಾಯಿಲ್‌ನಿಂದ ನೇರವಾಗಿ ಎಸಿ ಕರೆಂಟ್ ತೆಗೆದುಕೊಳ್ಳುತ್ತವೆ. ಅದಕ್ಕೇ ಸ್ಲೋ ಸ್ಪೀಡಿನಲ್ಲಿ ಲೈಟ್ ಮಂಕು, ರೇಸ್ ಮಾಡಿದರೆ ಜೋರು. ಇಂಜಿನ್ ಸ್ಪೀಡ್ ಏರಿದ ಹಾಗೆ ಕಾಯಿಲ್‌ನ ವೋಲ್ಟೇಜೂ ಏರುತ್ತಾ ಹೋಗುತ್ತದೆ, 12 ವೋಲ್ಟಿನ ಬಲ್ಬಿಗೆ ಅದನ್ನು ಹಾಗೇ ಬಿಟ್ಟರೆ ಬಲ್ಬ್ ಉಳಿಯುವುದಿಲ್ಲ. ಅದನ್ನು ತಡೆಯಲು ಆರ್‌ಆರ್ ಯೂನಿಟ್ (ರೆಗ್ಯುಲೇಟರ್-ರೆಕ್ಟಿಫೈಯರ್) ಇದೆ, ನಾವು ರೆಕ್ಟಿಫೈಯರ್ ಅಂತಲೂ ಅಂತೀವಿ. ಅದರಲ್ಲಿ ನಾಲ್ಕು ಪಿನ್. ಹಳದಿ ವೈರ್ ಲೈಟಿಂಗ್ ಕಾಯಿಲ್‌ನದು, ಬಿಳಿ ಚಾರ್ಜಿಂಗ್‌ನದು, ಕೆಂಪು ಬ್ಯಾಟರಿಗೆ, ಹಸಿರು ಅರ್ತ್, ಅಂದರೆ ಚಾಸಿ, ಇಂಜಿನ್ನಿಗೆ ಸೇರುವ ವೈರ್. ವೋಲ್ಟೇಜ್ ಮಿತಿ ದಾಟಿದರೆ ಜಾಸ್ತಿಯಾದದ್ದನ್ನು ಅದು ಅರ್ತ್‌ಗೆ ಹರಿಸಿಬಿಡುತ್ತದೆ. ಕೆರೆಗೆ ಕೋಡಿ ಇರುವ ಹಾಗೆ.

ಹೆಡ್‌ಲೈಟ್ ಜೊತೆ ಟೈಲ್ ಬಲ್ಬೂ ಹೋಗುತ್ತಿದೆ ಅಂದ ತಕ್ಷಣ ನಾನು ಕೋಡಿ ಕೆಟ್ಟಿದೆ ಅಂತ ತೀರ್ಮಾನ ಮಾಡಿದೆ. ಅಷ್ಟರ ಮಟ್ಟಿಗೆ ಯೋಚನೆ ಸರಿಯೇ. ಹೆಡ್‌ಲೈಟ್ 35 ವ್ಯಾಟ್, ಟೈಲ್ 5 ವ್ಯಾಟ್. ದೊಡ್ಡದು ಸುಟ್ಟ ಮೇಲೆ ಕಾಯಿಲ್‌ನಲ್ಲಿ ಹುಟ್ಟುವುದೆಲ್ಲ ಚಿಕ್ಕದರ ಮೇಲೆ ಬೀಳುತ್ತದೆ. ಆರ್‌ಆರ್ ಕೆಲಸ ಮಾಡುತ್ತಿದ್ದರೆ ಟೈಲ್ ಬಲ್ಬ್ ಉಳಿಯಬೇಕಿತ್ತು, ಉಳಿಯಲಿಲ್ಲ. ಅಂದರೆ ಆರ್‌ಆರ್ ಕೆಲಸ ಮಾಡುತ್ತಿಲ್ಲ. ಆದರೆ ಕೆಲಸ ಮಾಡದಿರುವುದಕ್ಕೂ ಕೆಟ್ಟು ಹೋಗಿರುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಜುಲೈ ತಿಂಗಳು, ಅಂಗಡಿ ಮುಂದೆ ಎಂಟು ಗಾಡಿ, ಹೊರಗೆ ಜಡಿಮಳೆ. ಅಷ್ಟೆಲ್ಲ ಯೋಚನೆ ಮಾಡಲಿಲ್ಲ.

ಹಾಗಂತ ಅರ್ತ್ ನೋಡದೆ ಬಿಟ್ಟೆ ಅಂತಲೂ ಅಲ್ಲ. ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು (ವೈರ್ ಕಡಿಯದೆ ಇದ್ದರೆ ಕೂಗುತ್ತದೆ) ಒಂದು ಕಡ್ಡಿ ಆರ್‌ಆರ್ ಕಪ್ಲರಿನ ಹಸಿರು ವೈರಿಗೆ, ಇನ್ನೊಂದು ಇಂಜಿನ್ನಿಗೆ ಹಿಡಿದೆ. ಬೀಪ್ ಬಂತು. ಅರ್ತ್ ಸರಿ ಇದೆ ಅಂದುಕೊಂಡೆ. ಹೊಸ ಆರ್‌ಆರ್ ಹಾಕಿ, ಹೊಸ ಬಲ್ಬ್ ಹಾಕಿ, ಸೆಂಟರ್ ಸ್ಟ್ಯಾಂಡ್ ಮೇಲೆ ರೇಸ್ ಮಾಡಿ ನೋಡಿದೆ. ಸ್ಲೋ ಸ್ಪೀಡಿನಲ್ಲಿ 9, ಪೂರ್ತಿ ರೇಸಿನಲ್ಲಿ 13.4 ವೋಲ್ಟ್. ಹಳೇ ಆರ್‌ಆರ್ ಇದ್ದಾಗ ಎಷ್ಟಿತ್ತು ಅಂತ ಅಳೆದೇ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಅವತ್ತು ಹಳೆಯದನ್ನು ಅಳೆದಿದ್ದರೆ ಅದೂ 13.4 ತೋರಿಸುತ್ತಿತ್ತು, ನನಗೆ ಅಲ್ಲೇ ಅನುಮಾನ ಬರುತ್ತಿತ್ತು. ಸಾಮಾನು, ಕೂಲಿ ಸೇರಿ 650 ರೂಪಾಯಿ ತೆಗೆದುಕೊಂಡು ಕಳಿಸಿದೆ.

ಹನ್ನೊಂದನೇ ದಿನ ಬಲ್ಬ್ ಹೋಯಿತು. ಮೇಷ್ಟ್ರು ಫೋನ್ ಮಾಡಿದರು, ಸಿಟ್ಟಿನಲ್ಲಿ ಇರಲಿಲ್ಲ, ಅದೇ ಇನ್ನೂ ಕಷ್ಟ. ಬಲ್ಬೇ ಡೂಪ್ಲಿಕೇಟ್ ಇರಬೇಕು ಅಂತ ಇನ್ನೊಂದು ಕೊಟ್ಟೆ. ಆಗಸ್ಟಿನಲ್ಲಿ ಅದೂ ಹೋಯಿತು. ತಾಳಮದ್ದಲೆ ಮುಗಿಸಿಕೊಂಡು ರಾತ್ರಿ ಒಂದೂವರೆಗೆ ಪಕ್ಕದ ಮನೆಯವರನ್ನು ಹಿಂದೆ ಕೂರಿಸಿಕೊಂಡು ಬರುತ್ತಿದ್ದರಂತೆ. ಹಿಂದೆ ಕೂತವರು ಟಾರ್ಚ್ ಹಿಡಿದು, ಆ ಕೆಸರಿನಲ್ಲಿ ನಾಲ್ಕು ಕಿಲೋಮೀಟರ್ ಬಂದಿದ್ದಾರೆ.

ಅಲ್ಲಿಗೆ ಅವರು ನನ್ನನ್ನು ಬಿಟ್ಟು ಶಿವಮೊಗ್ಗಕ್ಕೆ ಹೋದಾಗ ಅಲ್ಲೊಂದು ಅಂಗಡಿಯಲ್ಲಿ ತೋರಿಸಿದರು. ಅಲ್ಲಿ ಕಾರಿಗೆ ಹಾಕುವ 60/55 ವ್ಯಾಟಿನ ಹ್ಯಾಲೋಜನ್ ಬಲ್ಬನ್ನು ಹೋಲ್ಡರ್ ಸಮೇತ ಹಾಕಿ ಕಳಿಸಿದರು. ಮಜಾ ಏನೆಂದರೆ ಅದು ನಿಂತಿತು! ಎರಡು ತಿಂಗಳ ಹತ್ತಿರ ಒಂದೂ ಬಲ್ಬ್ ಹೋಗಲಿಲ್ಲ. ಬೆಳಕು ಮಾತ್ರ ಚಿಮಣಿ ದೀಪದ ಹಾಗೆ, ಕೆಂಪು ಕೆಂಪು.

ನಿಂತಿದ್ದು ಯಾಕೆ ಅಂತ ನನಗೆ ಹೊಳೆದಿದ್ದು ಆಮೇಲೆ. 12 ವೋಲ್ಟಿನಲ್ಲಿ 35 ವ್ಯಾಟ್ ಅಂದರೆ ಸುಮಾರು 3 ಆಂಪ್. 60 ವ್ಯಾಟ್ ಅಂದರೆ 5 ಆಂಪ್. ಆ ಸಣ್ಣ ಕಾಯಿಲ್ ಕೈಯಲ್ಲಿ 5 ಆಂಪ್ ಕೊಡಲು ಆಗುವುದಿಲ್ಲ, ವೋಲ್ಟೇಜ್ ಕುಸಿದು ಕೂರುತ್ತದೆ. ಕೋಡಿ ಮುಚ್ಚಿಕೊಂಡಿದ್ದ ಕೆರೆಗೆ ದೊಡ್ಡ ಪಂಪ್ ಇಟ್ಟ ಹಾಗಾಯಿತು, ನೀರು ಏರಲೇ ಇಲ್ಲ. ದೋಷ ಹಾಗೇ ಒಳಗಿತ್ತು. ಅಕ್ಟೋಬರಿನಲ್ಲಿ ಹೋಲ್ಡರ್ ಕರಗಿ ವಾಸನೆ ಬಂದಾಗ ಗಾಡಿ ಮತ್ತೆ ನನ್ನ ಬಳಿ ಬಂತು.

ಡಬ್ಬಿ ಮತ್ತು ಡೈರಿ

ಈ ಸಲ ಮೇಷ್ಟ್ರು ಒಂದು ಕಾಫಿಪುಡಿ ಡಬ್ಬಿ ತಂದಿದ್ದರು. ಬಿಸಾಕದೆ ಇಟ್ಟಿದ್ದ ಸುಟ್ಟ ಬಲ್ಬುಗಳು, ಹೆಡ್‌ಲೈಟಿನವು ಐದು, ಟೈಲಿನವು ಎರಡು. ಬೆಳಕಿಗೆ ಹಿಡಿದು ನೋಡಿದೆ. ಬರೀ ಕುಲುಕಾಟಕ್ಕೆ ಹೋದ ಬಲ್ಬಿನಲ್ಲಿ ಗಾಜು ಶುಭ್ರವಾಗಿರುತ್ತದೆ, ಒಳಗಿನ ತಂತಿ ತುಂಡಾಗಿ ನೇತಾಡುತ್ತಿರುತ್ತದೆ. ಗಾಳಿ ಹೊಕ್ಕಿದ್ದರೆ ಒಳಗೆ ಬಿಳಿ ಪುಡಿ. ಇವು ಐದಕ್ಕೆ ಐದೂ ಗಾಜು ಕಪ್ಪಿಟ್ಟಿದ್ದವು, ತಂತಿಯ ತುದಿ ಕರಗಿ ಸಾಸಿವೆ ಕಾಳಿನಂತೆ ಗುಂಡಗಾಗಿತ್ತು. ವೋಲ್ಟೇಜ್ ಜಾಸ್ತಿ ಆಗಿಯೇ ಸುಟ್ಟಿದ್ದು, ಅದರಲ್ಲಿ ಎರಡನೇ ಮಾತಿಲ್ಲ. ತಂತಿ ಬಲ್ಬಿಗೆ ವೋಲ್ಟೇಜ್ ಶೇಕಡಾ 5 ಜಾಸ್ತಿಯಾದರೂ ಆಯುಷ್ಯ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಇಲ್ಲಿ ಆಗಿದ್ದು 5 ಅಲ್ಲ, ಇನ್ನೂ ಎಷ್ಟೋ ಜಾಸ್ತಿ.

ಹೊಸ ಆರ್‌ಆರ್ ಇದೆ, ಸ್ಟ್ಯಾಂಡ್ ಮೇಲೆ 13.4 ತೋರಿಸುತ್ತದೆ, ಆದರೂ ರಸ್ತೆಯಲ್ಲಿ ವೋಲ್ಟೇಜ್ ಏರುತ್ತಿದೆ. ಹಾಗಾದರೆ ರಸ್ತೆಯಲ್ಲಿ ಇರುವ ಏನೋ ಒಂದು ನನ್ನ ಅಂಗಡಿಯಲ್ಲಿ ಇಲ್ಲ. ಮಳೆ ಇರಬೇಕು ಅಂದೆ.

"ಮಳೆ ಲೆಕ್ಕ ನನ್ನ ಹತ್ರ ಉಂಟಲ್ಲ" ಅಂದರು ಮೇಷ್ಟ್ರು.

ನಮ್ಮ ಕಡೆ ತೋಟದವರು ಮಳೆ ಅಳೆದು ಬರೆದಿಡುವುದು ಹೊಸದೇನಲ್ಲ. ಇವರು ಅಂಗಳದಲ್ಲಿ ಮಳೆಮಾಪಕ ಇಟ್ಟುಕೊಂಡು ದಿನಾ ಬೆಳಗ್ಗೆ ಡೈರಿಯಲ್ಲಿ ಬರೆಯುತ್ತಾರೆ, ಪಕ್ಕದಲ್ಲೇ ಅವತ್ತಿನ ಖರ್ಚು, ಓಡಾಟ. ಬಲ್ಬ್ ಹೋದದ್ದನ್ನೂ ಬರೆದಿದ್ದರು. ಮಾರನೇ ದಿನ ಡೈರಿ ತಂದರು, ಬೆಂಚಿನ ಮೇಲೆ ಕೂತು ನೋಡಿದೆವು.

ಐದು ಬಲ್ಬ್ ಹೋದ ಐದು ದಿನಗಳಲ್ಲಿ ಮೂರು ದಿನ ಒಳ್ಳೆಯ ಮಳೆ. ಒಂದು ದಿನ 4 ಮಿಲಿಮೀಟರ್. ಇನ್ನೊಂದು ದಿನ ಸೊನ್ನೆ. ಅದೇ ಜುಲೈನಲ್ಲಿ ದಿನಕ್ಕೆ 200 ದಾಟಿದ ದಿನಗಳಿದ್ದವು, ಆಗ ಬಲ್ಬಿಗೆ ಏನೂ ಆಗಿಲ್ಲ. ಮಳೆ ಕಾರಣ ಅಲ್ಲ ಅಂತ ಅಲ್ಲಿಗೆ ಗೊತ್ತಾಯಿತು, ಆದರೆ ನಾನು ಇನ್ನೂ ಮಳೆ ಕಾಲಂ ಮೇಲೇ ಬೆರಳಿಟ್ಟುಕೊಂಡು ಕೂತಿದ್ದೆ. ಪಕ್ಕದ ಕಾಲಂ ಓದಿದ್ದು ಮೇಷ್ಟ್ರು. "ಹಿಂಡಿ 1 ಮೂಟೆ... ಹಿಂಡಿ 1 ಮೂಟೆ... ಮನೆಯವರನ್ನು ಮೊದಲನೇ ಬಸ್ಸಿಗೆ ಬಿಟ್ಟದ್ದು... ಹಿಂಡಿ... ತಾಳಮದ್ದಲೆ." ಓದಿ ಅವರೇ ಸುಮ್ಮನಾದರು.

ಐದೂ ದಿನ ಹಿಂದಿನ ಸೀಟಿನ ಮೇಲೆ ಭಾರ ಇತ್ತು. ಮೂರು ಸಲ ಹಾಲಿನ ಡೈರಿಯಿಂದ ತಂದ 50 ಕೆಜಿ ಹಿಂಡಿ ಮೂಟೆ, ಎರಡು ಸಲ ಮನುಷ್ಯರು. ನಾನು ತಕ್ಷಣ ತಕರಾರು ತೆಗೆದೆ: ಹಿಂಡಿ ತಂದ ದಿನ ಡೈರಿಯಲ್ಲಿ ಒಂಬತ್ತು ಇವೆ, ಹೋಗಿದ್ದು ಮೂರರಲ್ಲಿ ಮಾತ್ರ. ಮೇಷ್ಟ್ರ ಉತ್ತರ ಮೇಷ್ಟ್ರದ್ದೇ. "ಮೂಟೆ ತಂದ ದಿನವೆಲ್ಲ ಬಲ್ಬ್ ಹೋಗ್ಲಿಲ್ಲ, ಸರಿ. ಬಲ್ಬ್ ಹೋದ ದಿನವೆಲ್ಲ ಭಾರ ಇತ್ತಲ್ಲ ಮಾರಾಯ?" ಉಳಿದ ಆರರಲ್ಲಿ ನಾಲ್ಕು ದಿನ ಬೆಳಕಾದ ಮೇಲೆ ತಂದದ್ದು, ಲೈಟ್ ಆಫ್. 2017ರ ಏಪ್ರಿಲ್ 1ರಿಂದ ಬಂದ ಗಾಡಿಗಳಲ್ಲಿ ಇಂಜಿನ್ ಸ್ಟಾರ್ಟ್ ಆದರೆ ಹೆಡ್‌ಲೈಟ್ ತಾನಾಗಿಯೇ ಉರಿಯುತ್ತದೆ, ಈ ಗಾಡಿಗೆ ಸ್ವಿಚ್ ಇದೆ. ಸ್ವಿಚ್ ಆಫ್ ಇದ್ದರೆ ಬಲ್ಬಿಗೆ ಕರೆಂಟೇ ಹೋಗುವುದಿಲ್ಲ. ಮಿಕ್ಕ ಎರಡು ದಿನ ಆ ದೊಡ್ಡ ಹ್ಯಾಲೋಜನ್ ಇದ್ದ ಕಾಲದ್ದು. ಲೆಕ್ಕ ಕೂತಿತು.

ಆಮೇಲೆ ಪರೀಕ್ಷೆ ಸುಲಭ. ಮೊದಲು 60/55 ತೆಗೆದು ಸರಿಯಾದ 35/35 ಬಲ್ಬ್ ಹಾಕಿದೆ, ಕರಗಿದ ಹೋಲ್ಡರ್ ಬದಲಾಯಿಸಿದೆ. ಮೀಟರನ್ನು ಎಸಿಗೆ ಇಟ್ಟು ಕ್ರೊಕೊಡೈಲ್ ಕ್ಲಿಪ್‌ನಲ್ಲಿ ಹೋಲ್ಡರಿಗೆ ಸಿಕ್ಕಿಸಿದೆ. ಯಾರೂ ಕೂರದೆ ರೇಸ್ ಮಾಡಿದಾಗ 13.3. ಪಕ್ಕದ ಪಂಚರ್ ಅಂಗಡಿಯ ಇಬ್ಬರು ಹುಡುಗರನ್ನು ಕರೆದು ಹಿಂದೆ ಕೂರಿಸಿ, ಸ್ವಲ್ಪ ಕುಪ್ಪಳಿಸ್ರೋ ಅಂದೆ. ರೇಸ್ ಮಾಡಿದೆ. 13, 13, 16, 19. ಬಲ್ಬ್ ನೀಲಿಬಿಳಿಯಾಗಿ ಕಣ್ಣು ಕೋರೈಸಿತು, ಹೆದರಿ ಎಕ್ಸಲರೇಟರ್ ಬಿಟ್ಟೆ. ನಾಲ್ಕು ತಿಂಗಳಲ್ಲಿ ಆ ದೋಷವನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು.

ಈಗ ಮೀಟರಿನ ಒಂದು ಕಡ್ಡಿ ಆರ್‌ಆರ್‌ನ ಹಸಿರು ಪಿನ್ ಹಿಂಭಾಗಕ್ಕೆ ಚುಚ್ಚಿ, ಇನ್ನೊಂದನ್ನು ಇಂಜಿನ್ ಬಾಡಿಗೆ ಹಿಡಿದೆ. ಇಂಜಿನ್ ಓಡುತ್ತಿರಬೇಕು, ಲೈಟ್ ಆನ್ ಇರಬೇಕು. ಅರ್ತ್ ಸರಿ ಇದ್ದರೆ ಈ ಎರಡರ ಮಧ್ಯೆ ವೋಲ್ಟೇಜ್ ಹೆಚ್ಚುಕಮ್ಮಿ ಸೊನ್ನೆ ಇರಬೇಕು. ಹುಡುಗರು ಇಳಿದಿದ್ದಾಗ 0.4, ಅದೇ ಸ್ವಲ್ಪ ಜಾಸ್ತಿ. ಹತ್ತಿ ಕೂತಾಗ 6 ದಾಟಿತು. ಬರೀ ಒಂದು ಅರ್ತ್ ವೈರಿನಲ್ಲಿ 6 ವೋಲ್ಟ್!

ಸೀಟು ಬಿಚ್ಚಿದೆ. ಸೀಟಿನ ತಗಡಿನ ಕೆಳಗೆ ಎರಡು ರಬ್ಬರ್ ಬುಷ್ ಇರಬೇಕು, ಎರಡೂ ಇರಲಿಲ್ಲ. ಹಿಂದೆ ಭಾರ ಬಿದ್ದರೆ ತಗಡು ಬಗ್ಗಿ ವೈರಿಂಗ್ ಕಿಟ್ (ವೈರುಗಳ ಕಟ್ಟು) ಮೇಲೇ ಕೂರುತ್ತಿತ್ತು. ಅದೇ ಜಾಗದಲ್ಲಿ ಕಪ್ಪು ಇನ್ಸುಲೇಷನ್ ಟೇಪಿನ ಒಂದು ಉಂಡೆ. ಟೇಪ್ ಬಿಚ್ಚಿದರೆ ಅಂಟು ಕೈಗೆ ಹತ್ತಿತು, ಒಳಗೆ ಹಸಿರು ವೈರನ್ನು ತಿರುಚಿ ಜೋಡಿಸಿದ್ದರು, ತಾಮ್ರವೆಲ್ಲ ಕಿಲುಬು ಹಿಡಿದು ಪುಡಿಪುಡಿ. ಎರಡು ಎಳೆ ಮಾತ್ರ ಮುಟ್ಟಿಕೊಂಡಿದ್ದವು. ಮೇಷ್ಟ್ರು ನೆನಪು ಮಾಡಿಕೊಂಡರು: ಎರಡು ವರ್ಷದ ಹಿಂದೆ ಅಡಿಕೆ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸಿದ್ದಾಗ ಇಲಿ ವೈರ್ ಕಡಿದಿತ್ತು, ತಂಗಿ ಮಗನೇ ಜೋಡಿಸಿ ಕೊಟ್ಟಿದ್ದ. ಹುಡುಗನನ್ನು ಬೈಯುವ ಹಾಗಿಲ್ಲ, ಅವತ್ತಿಗೆ ಗಾಡಿ ಓಡಿತಲ್ಲ.

ನನ್ನ ಬೀಪ್ ಪರೀಕ್ಷೆ ಸುಳ್ಳು ಹೇಳಿದ್ದೂ ಇಲ್ಲೇ. ಬೀಪ್‌ಗೆ ಮೀಟರ್ ಕಳಿಸುವ ಕರೆಂಟ್ ತೀರಾ ಚಿಕ್ಕದು, ಒಂದೇ ಎಳೆ ಮುಟ್ಟಿಕೊಂಡಿದ್ದರೂ ಹಾಡುತ್ತದೆ. ಕೋಡಿಯಿಂದ ಹರಿಯುವ ಮೂರು ಆಂಪ್ ಆ ಎಳೆಯಲ್ಲಿ ಹೋಗಲು ಸಾಧ್ಯವೇ ಇಲ್ಲ. ಕಾಲುವೆ ಮುಚ್ಚಿದ್ದಾಗ ನಾನು ಕೋಡಿ ಹೊಸದು ಕಟ್ಟಿಸಿದ್ದೆ. ಆ ದಿನದಿಂದ ಅರ್ತ್ ನೋಡಬೇಕಾದರೆ ಬೀಪ್ ಮುಟ್ಟುವುದಿಲ್ಲ, ಇಂಜಿನ್ ಓಡಿಸಿ ವೋಲ್ಟೇಜೇ ನೋಡುವುದು. ಹೊಸ ಸಾಮಾನು ಹಾಕುವ ಮುಂಚೆ ಹಳೆಯದರ ಲೆಕ್ಕ ಬರೆದುಕೊಳ್ಳುತ್ತೇನೆ. ಯಾವಾಗ ಹೋಯ್ತು, ಹಿಂದೆ ಯಾರಿದ್ದರು, ಏನು ಹೊತ್ತಿದ್ದಿರಿ ಅಂತೆಲ್ಲ ಗಿರಾಕಿಗೆ ಕೇಳುತ್ತೇನೆ, ಕೆಲವರು ಇವನಿಗ್ಯಾಕೆ ಇದೆಲ್ಲ ಅನ್ನೋ ಹಾಗೆ ನೋಡುತ್ತಾರೆ.

ಸರಿ ಮಾಡಿದ್ದು ಹೀಗೆ. ಕಿಲುಬು ವೈರಿನ ಒಳಗೂ ಹತ್ತಿತ್ತು, ಕೆಂಪು ತಾಮ್ರ ಕಾಣುವ ತನಕ ಕತ್ತರಿಸುತ್ತಾ ಹೋದೆ, ಒಂದು ಗೇಣು ಹೋಯಿತು. ಆರ್‌ಆರ್‌ನಿಂದ ಸ್ವಲ್ಪ ದಪ್ಪದ ಹೊಸ ಹಸಿರು ವೈರ್ ಎಳೆದು, ತುದಿಗೆ ರಿಂಗ್ ಲಗ್ ಹಾಕಿ ಒತ್ತಿ, ಮೇಲೆ ಹೀಟ್ ಸ್ಲೀವ್ ಹಾಕಿದೆ. ಚಾಸಿಯ ಬಣ್ಣ ಕೆರೆದು ಬೋಲ್ಟ್ ಕಟ್ಟಿ ಗ್ರೀಸ್ ಸವರಿದೆ. ಇನ್ನೊಂದು ವೈರನ್ನು ನೇರವಾಗಿ ಇಂಜಿನ್ ಬೋಲ್ಟಿಗೂ ಕೊಟ್ಟೆ. ನಮ್ಮ ಮಳೆಗೆ ಒಂದೇ ಅರ್ತ್ ನಂಬುವುದು ಬೇಡ. ವೈರಿಂಗ್ ಕಿಟ್ ಪಕ್ಕಕ್ಕೆ ಸರಿಸಿ ಕಟ್ಟಿದೆ. ಹಳೇ ಟ್ಯೂಬ್ ಕತ್ತರಿಸಿ ಸೀಟಿಗೆ ಬುಷ್ ಮಾಡಿದೆ. ಹುಡುಗರು ಮತ್ತೆ ಹತ್ತಿ ಕುಪ್ಪಳಿಸಿದರು, 13.5ರ ಮೇಲೆ ಹೋಗಲಿಲ್ಲ. ಅರ್ತ್ 0.1.

ಎಲ್‌ಇಡಿ ಹಾಕಿಬಿಡೋಣವಾ ಅಂತ ಮೇಷ್ಟ್ರು ಕೇಳಿದರು. ಈ ಎಸಿ ಲೈಟಿಂಗಿಗೆ ಸುಮ್ನೆ ಎಲ್‌ಇಡಿ ಸಿಕ್ಕಿಸಿದರೆ ಮತ್ತೆ ಪಕಪಕವೇ. ನೆಟ್ಟಗೆ ಮಾಡಬೇಕಾದರೆ ಮ್ಯಾಗ್ನೆಟ್ ಬಿಚ್ಚಿ ಕಾಯಿಲ್‌ನ ಅರ್ತ್ ತುದಿ ಬಿಡಿಸಬೇಕು, ಬೇರೆ ಆರ್‌ಆರ್ ಹಾಕಿ ಎಲ್ಲವನ್ನೂ ಡಿಸಿ ಮಾಡಬೇಕು. ನಾಲ್ಕು ತಿಂಗಳ ಮೇಲೆ ಈಗಷ್ಟೇ ಸರಿಯಾದ ಗಾಡಿಯಲ್ಲಿ ಅದಕ್ಕೆ ಕೈ ಹಾಕಲು ನನಗೆ ಧೈರ್ಯ ಇರಲಿಲ್ಲ, ಬೇಡ ಅಂದೆ. ಬೆಳಕು ಸಾಲದಿದ್ದದ್ದಕ್ಕೆ ಅರ್ಧ ಕಾರಣ ಡೂಮ್ (ಬಲ್ಬಿನ ಹಿಂದಿನ ರಿಫ್ಲೆಕ್ಟರ್) ಒಳಗಿನ ಬೆಳ್ಳಿಬಣ್ಣ ಹೋಗಿದ್ದದ್ದು. ಡೂಮ್ ಬದಲಾಯಿಸಿದ ಮೇಲೆ ಅವರೂ ಎಲ್‌ಇಡಿ ಮಾತು ಬಿಟ್ಟರು.

ಬಿಚ್ಚಿಟ್ಟಿದ್ದ ಹಳೇ ಆರ್‌ಆರ್ ನನ್ನ ಗುಜರಿ ಪೆಟ್ಟಿಗೆಯಲ್ಲೇ ಇತ್ತು. ಹಾಕಿ ನೋಡಿದೆ, 13.4. ಅದಕ್ಕೆ ಏನೂ ಆಗಿರಲಿಲ್ಲ. 650 ವಾಪಸ್ ಕೊಡಲು ಹೋದರೆ ಮೇಷ್ಟ್ರು ತೆಗೆದುಕೊಳ್ಳಲಿಲ್ಲ, ಹಳೇ ಆರ್‌ಆರ್ ಮಾತ್ರ ಕೇಳಿ ತೆಗೆದುಕೊಂಡು ಡಬ್ಬಿಗೆ ಹಾಕಿಕೊಂಡರು. ಅದಾಗಿ ಒಂದು ಪೂರ್ತಿ ಮಳೆಗಾಲ ಕಳೆದಿದೆ. ಅದೇ ಬಲ್ಬ್ ಉರಿಯುತ್ತಿದೆ. ಬಲಗಡೆ ಹಿಂದಿನ ಇಂಡಿಕೇಟರ್ ಆಗಾಗ ಮಿನುಗದೆ ಸುಮ್ಮನೆ ನಿಲ್ಲುತ್ತದೆ ಅಂತ ಮೊನ್ನೆ ಹೇಳಿದರು. ಮಡ್‌ಗಾರ್ಡ್ ತುಕ್ಕು ಹಿಡಿದಿದೆ, ಅಲ್ಲೂ ಅರ್ತೇ ಇರಬೇಕು ಅನ್ನೋಕೆ ಹೋದವನು ಬಾಯಿ ಮುಚ್ಚಿಕೊಂಡು, ಯಾವ ಯಾವ ದಿನ ಅಂತ ಬರೆದಿಟ್ಟುಕೊಂಡು ಬನ್ನಿ ಮೇಷ್ಟ್ರೇ ಅಂದೆ.